ಈರುಳ್ಳಿ ವಾಸನೆಯ ಬೆಳಗು

ಭವನದೊಳಗೆ ಮಳೆ ಸುರಿಯುತ್ತಿತ್ತು!

ಹೊರಗೆ ಮೂಗಿನ ತುದಿ ಮರಗಟ್ಟುವ ಚಳಿ. ರಾತ್ರಿಯಿಡೀ ಬೊಬ್ಬಿಟ್ಟ ಉತ್ತರದ ಗಾಳಿ ಬೆಳಗಿನ ಹೊತ್ತಿಗೆ ಸುಮ್ಮನಾಗಿತ್ತು. ಮಾನಿಟೋಬಾದ ಬಯಲಿನಲ್ಲಿ ಇಂಥ ದಿನ ನೀರೆಂಬುದು ಎಲ್ಲಿದ್ದರೂ ಕಲ್ಲಾಗಿರಬೇಕು. ಆದರೆ ಕಲೀನಾ ಊರಿನ ಚರ್ಚಿನ ಸಮುದಾಯ ಭವನದಲ್ಲಿ, ಸೂರಿನ ಹಲಗೆಗಳ ಸಂದಿಯಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿದೆ. ಅದೂ ಹಬೆಯಾಡುವ ಬಿಸಿನೀರು! ಭವನದ ಅಧ್ಯಕ್ಷ ಮಾರ್ಕಿಯಾನ್ ಡೂಬಿಕ್ ಬೀಗದ ಕೈ ಗೊಂಚಲು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ.

ಕೆಳಗೆ ಮೇಪಲ್ ಮರದ ನೆಲ. ಊರವರೆಲ್ಲ ಮಂಡಿಯೂರಿ ಹಲಗೆ ಹಲಗೆ ಕೂಡಿಸಿ ಹಾಸಿದ ನೆಲ. ಮದುವೆಯ ಕುಣಿತ, ಹಬ್ಬದ ಕುಣಿತ ಎಲ್ಲ ಅದರ ಮೇಲೇ. ಆಗಲೇ ಹಲಗೆಗಳು ಉಬ್ಬಿ ಏಳತೊಡಗಿದ್ದವು.

“ಓಸ್ತಾಪ್! ಏಯ್ ಓಸ್ತಾಪ್! ಎಲ್ಲಿ ಸತ್ತೆ?”

ಮಾರ್ಕಿಯಾನ್ ವೇದಿಕೆಯ ಹಿಂದಿನ ಕಿರಿದಾದ ಮೆಟ್ಟಿಲು ಹತ್ತಿ ಗಾಳಿಕೋಣೆಗೆ ಓಡಿದ. ಭವನಕ್ಕೆ ಬಿಸಿಗಾಳಿ ಕಳಿಸುವ ಯಂತ್ರ ಇರುವುದು ಅಲ್ಲಿ. ಯಂತ್ರವೆಂದರೆ ಒಂದು ಲಾರಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಅದರೊಳಗೆ ಬಿಸಿನೀರು ಹರಿಯುವ ತಾಮ್ರದ ಕೊಳವೆಗಳ ಸುರುಳಿ, ಅದೇ ಕಾಯಿಲ್; ಹೊರಗಿನ ಗಾಳಿ ಅದನ್ನು ಹಾಯ್ದು ಬಿಸಿಯಾಗಿ ಒಳಬರುತ್ತದೆ. ಅದರ ಮುಂದೆ ಭವನದ ಮೇಲ್ವಿಚಾರಕ ಓಸ್ತಾಪ್ ರೆಬ್ರಿಕ್ ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿ, ಎರಡೂ ಕೈಯಿಂದ ಕೊಳವೆಯ ಚಕ್ರ ತಿರುಗಿಸುತ್ತಿದ್ದ. ಕೊನೆಗೊಮ್ಮೆ ನೀರು ನಿಂತಿತು.

“ಕಾಯಿಲ್ ಒಡೆದಿದೆ, ಅಧ್ಯಕ್ಷರೇ,” ಎಂದ ಏದುಸಿರು ಬಿಡುತ್ತ. “ಒಳಗೆ ಹೆಪ್ಪುಗಟ್ಟಿ ತಾಮ್ರ ಸೀಳಿಬಿಟ್ಟಿದೆ.”

ಮಾರ್ಕಿಯಾನನ ಕಣ್ಣು ಬಿದ್ದದ್ದು ಓಸ್ತಾಪನ ಕೋಟಿನ ಜೇಬಿನ ಮೇಲೆ. ಅಲ್ಲಿಂದ ಒಂದು ಗಿಡ್ಡ ತಂತಿ ಇಣುಕುತ್ತಿತ್ತು. ಎರಡೂ ತುದಿಗೆ ಕಚ್ಚುವ ಕ್ಲಿಪ್ಪು.

“ಏನದು?”

“ತಂತಿ. ದೀಪ ರಿಪೇರಿಗೆ ಇಟ್ಕೊಂಡಿರ್ತೀನಿ.”

“ದೀಪಕ್ಕೋ? ಕಾವಲು ಸ್ವಿಚ್ಚಿಗೋ?”

ಕಾವಲು ಸ್ವಿಚ್ಚು ಅಂದರೆ ಕಾಯಿಲ್ಲಿನ ಮೈಮೇಲೆ ಅಡ್ಡಡ್ಡ ಹಾಯಿಸಿದ ಸಪೂರ ಕೊಳವೆ, ಅದರ ತುದಿಗೊಂದು ಡಬ್ಬಿ, ಡಬ್ಬಿಯ ಮೇಲೊಂದು ಕೆಂಪು ಗುಂಡಿ. ಗಾಳಿ ಮಿತಿಮೀರಿ ತಣ್ಣಗಾದರೆ ಗುಂಡಿ ಎಗರುತ್ತದೆ, ಫ್ಯಾನು ನಿಲ್ಲುತ್ತದೆ, ಹೊರಗಾಳಿಯ ಕಿಂಡಿಯ ಕದ ಮುಚ್ಚಿಕೊಳ್ಳುತ್ತದೆ. ಆಮೇಲೆ ಮನುಷ್ಯನೇ ಬಂದು ಗುಂಡಿ ಒತ್ತಬೇಕು. ಡಿಸೆಂಬರಿನಿಂದ ಈ ಗುಂಡಿ ಆಗಾಗ ಎಗರುತ್ತಿದೆಯೆಂದು ಓಸ್ತಾಪ್ ಹೇಳುತ್ತಲೇ ಇದ್ದ. ಬೇಸತ್ತ ಮನುಷ್ಯ ಸ್ವಿಚ್ಚಿನ ಎರಡು ತುದಿಗೆ ತಂತಿ ಕಚ್ಚಿಸಿ ಅದರ ಬಾಯಿ ಮುಚ್ಚಿಸಿದ್ದಾನೆ. ಮಾರ್ಕಿಯಾನನಿಗೆ ಎಲ್ಲ ಸ್ಪಷ್ಟವಾಗಿ ಹೋಯಿತು.

“ನಾನು ಅದನ್ನ ಮುಟ್ಟಿಲ್ಲ,” ಎಂದ ಓಸ್ತಾಪ್. “ಗುಂಡಿ ಎಗರಿಯೇ ಇದೆ, ನೋಡಿ ಬೇಕಾದ್ರೆ.”

ಮಾರ್ಕಿಯಾನ್ ನೋಡಲಿಲ್ಲ.

ಕೆಳಗಿಳಿದಾಗ ಅಡುಗೆಯ ಹೆಂಗಸರು ಬಂದು ಸೇರಿದ್ದರು. ಮುಂದಿನ ಸೋಮವಾರದಿಂದ ಉಪವಾಸದ ಕಾಲ. ಅದಕ್ಕೆ ಮುಂಚಿನ ಈ ವಾರ ಗಿಣ್ಣು, ಬೆಣ್ಣೆ, ಪಿರೋಹಿಗಳ ವಾರ. ಪಿರೋಹಿ ಎಂದರೆ ಆಲೂಗಡ್ಡೆ, ಗಿಣ್ಣು, ಹುರಿದ ಈರುಳ್ಳಿ ತುಂಬಿದ ಕಡುಬು. ಊರಿಗೆ ಊರೇ ಈ ಭವನದ ಅಡುಗೆಮನೆಯಿಂದ ಕಡುಬು ಕೊಳ್ಳುತ್ತದೆ. ಹೆಂಗಸರ ಮುಂದೆ ಮಾರ್ಕಿಯಾನನ ತಾಯಿ ಪರಾಸ್ಕಾ. ಎಪ್ಪತ್ತು ದಾಟಿದರೂ ಹಿಟ್ಟಿನ ಮೂಟೆ ತಾನೇ ಎತ್ತುವ ಗಟ್ಟಿ ಮುದುಕಿ. ಎಲ್ಲರಿಗೂ ಪರಾಸ್ಕಜ್ಜಿ.

ಇಷ್ಟು ಜನ ಸಿಕ್ಕಮೇಲೆ ಅಧ್ಯಕ್ಷನಿಗೆ ಕೇಳಬೇಕೆ?

“ನೋಡಿ, ಎಲ್ರೂ ನೋಡಿ! ಇವನನ್ನ ಕರ್ಕೊಂಡು ಬಂದು ತಲೆ ಮೇಲೆ ಕೂರಿಸ್ಕೊಂಡ್ವಲ್ಲ, ಅದಕ್ಕೆ ಸರಿಯಾಗೇ ಮಾಡಿದ! ಅಲ್ಲಯ್ಯಾ, ನಿಮ್ಮೂರಲ್ಲಿ ಕಲ್ಲಂಗಡಿ ಬೆಳೀತಾರಂತಲ್ಲ? ಕಲ್ಲಂಗಡಿ ಊರಿನವನಿಗೆ ನಮ್ಮ ಚಳಿ ಏನು ಗೊತ್ತು? ಯಂತ್ರ ಒಪ್ಪಿಸಿದ್ದೇ ನಮ್ಮ ತಪ್ಪು!”

ಓಸ್ತಾಪ್ ಮತ್ತು ಅವನ ಹೆಂಡತಿ ಲಿಲ್ಯಾ ಯುದ್ಧ ತಪ್ಪಿಸಿಕೊಂಡು, ಊರವರ ಹಿರಿಯರು ಬಿಟ್ಟುಬಂದ ಹಳೆಯ ನಾಡಿನ ಖೆರ್ಸಾನ್ ಕಡೆಯಿಂದ ಬಂದವರು. ಬಂದ ದಿನ ಇದೇ ಮಾರ್ಕಿಯಾನ್ ಇದೇ ಬಾಗಿಲಲ್ಲಿ ನಿಂತು ರೊಟ್ಟಿ ಮತ್ತು ಉಪ್ಪು ಕೊಟ್ಟು ಅಪ್ಪಿಕೊಂಡಿದ್ದ. ಭವನದ ಹಿಂಬದಿಯ ಎರಡು ಕೋಣೆಯಲ್ಲಿ ಅವರ ಸಂಸಾರ.

“ನಾನು ತಂತಿ ಹಾಕಿಲ್ಲ, ಅಧ್ಯಕ್ಷರೇ. ದೇವರಾಣೆ.”

“ಆಣೆ ಗೀಣೆ ಬೇಡ. ಭಾನುವಾರದೊಳಗೆ ಕೋಣೆ ಖಾಲಿ ಮಾಡು.”

ಪರಾಸ್ಕಜ್ಜಿ ಒಮ್ಮೆ ಸೂರು ನೋಡಿದಳು, ಒಮ್ಮೆ ನೆಲ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದವಳು ಸರ್ರನೆ ತಿರುಗಿ ಅಡುಗೆಮನೆಗೆ ಹೋಗಿಬಿಟ್ಟಳು. ಪಾಪ, ನೆಲ ಹಾಳಾದದ್ದಕ್ಕೆ ಅಮ್ಮನಿಗೆ ಹೊಟ್ಟೆ ಉರಿಯುತ್ತಿದೆ ಎಂದುಕೊಂಡ ಮಾರ್ಕಿಯಾನ್.

* * *

ವಿಮೆಯವರು ಕಳಿಸಿದ ತನಿಖಾಧಿಕಾರಿ ಮರುದಿನ ಬಂದಳು. ಹೆಸರು ಸೋಲ್ವೇಗ್ ಯೋನಾಸ್ಸನ್, ಸರೋವರದ ದಂಡೆಯಲ್ಲಿ ನೆಲೆಸಿದ ಐಸ್ಲ್ಯಾಂಡ್ ಮೂಲದವರ ಪೈಕಿ. ಅರವತ್ತರ ಹೆಂಗಸು, ಮೈತುಂಬ ಉಣ್ಣೆ, ಮೂಗು ತುಂಬ ನೆಗಡಿ. ಹಿಂದೆ ಇಪ್ಪತ್ತು ವರ್ಷ ಇಂಥ ಯಂತ್ರಗಳನ್ನೇ ರಿಪೇರಿ ಮಾಡಿದವಳಂತೆ.

“ಕಾಫಿ ಕುಡೀತೀರಾ?” ಎಂದ ಮಾರ್ಕಿಯಾನ್.

“ಮೊದಲು ಯಂತ್ರ. ಕಾಫಿ ಎಲ್ಲಿಗೂ ಓಡಿಹೋಗಲ್ಲ.”

ಗಾಳಿಕೋಣೆಯಲ್ಲಿ ಅವಳು ಟಾರ್ಚು ಹಿಡಿದು ಪೆಟ್ಟಿಗೆಯ ಪಕ್ಕದ ಸಣ್ಣ ಬಾಗಿಲು ತೆರೆದಳು. ಒಳಗೆ ಒಬ್ಬರು ಬಗ್ಗಿ ನಿಲ್ಲುವಷ್ಟು ಜಾಗ. ಒಂದು ಕಡೆ ಉತ್ತರದ ಗೋಡೆಯ ಕಿಂಡಿ, ಕಿಂಡಿಗೆ ತಗಡಿನ ಪಟ್ಟಿಗಳ ಕದ. ಇನ್ನೊಂದು ಕಡೆ ದೂಳು ಸೋಸುವ ಬೂದುಬಣ್ಣದ ಜಾಲರಿ, ಅದರ ಹಿಂದೆ ಸೀಳಿದ ಕಾಯಿಲ್.

“ಬೆಳಗ್ಗೆ ನೀರು ಸುರಿಯೋವಾಗ ನೀವೇ ನೋಡಿದ್ದಾ?”

“ನಾನೇ. ಆಗ ತಾನೇ ಒಡೆದಿತ್ತು.”

“ತಪ್ಪು. ಒಡೆದಿದ್ದು ರಾತ್ರಿ.”

“ರಾತ್ರಿ? ಹಾಗಾದ್ರೆ ನೀರು?”

“ಹೆಪ್ಪುಗಟ್ಟಿದಾಗ ಸೀಳುತ್ತೆ, ಕರಗಿದಾಗ ಸುರಿಯುತ್ತೆ. ಮಂಜುಗಡ್ಡೆನೇ ಬಿರಡೆ ಹಾಗೆ ಕೂತಿರುತ್ತಲ್ರೀ. ನೀರು ಬೀಳೋ ಹೊತ್ತಿಗೆ ತಪ್ಪು ಮಾಡಿದೋರು ಮನೆಗೆ ಹೋಗಿ ಚಹಾ ಕುಡೀತಿರ್ತಾರೆ.” ಅವಳು ಮೂಗು ಒರೆಸಿಕೊಂಡಳು. “ಆ ತಂತಿಯವನು ಎಲ್ಲಿ?”

ಓಸ್ತಾಪ್ ಬಾಗಿಲಲ್ಲೇ ನಿಂತಿದ್ದ. ಸೋಲ್ವೇಗ್ ಅವನತ್ತ ನೋಡದೆ ಕಾವಲು ಸ್ವಿಚ್ಚಿನ ಡಬ್ಬಿಗೆ ಟಾರ್ಚು ಬಿಟ್ಟಳು.

“ಗುಂಡಿ ಎಗರಿದೆ. ನೋಡಿದ್ರಾ, ಅಧ್ಯಕ್ಷರೇ?”

“ಆಮೇಲೆ ಅವನೇ ಎಗರಿಸಿರಬಹುದು...”

“ಒತ್ತೋದು ಕೈಯಿಂದ, ಎಗರೋದು ಚಳಿಯಿಂದ. ಕೈಯಿಂದ ಎಗರಿಸೋಕೆ ಬರಲ್ಲ.” ಅವಳು ಡಬ್ಬಿಯ ಮುಚ್ಚಳ ತೆಗೆದಳು. “ಈ ಸ್ಕ್ರೂ ತಲೆ ಮೇಲೆ ಕೆಂಪು ಬಣ್ಣ ಯಾರು ಹಚ್ಚಿದ್ದು?”

“ಪೆನ್ನರ್. ಶರತ್ಕಾಲದಲ್ಲಿ ಸರ್ವಿಸ್ ಮಾಡೋನು. ಬಿಗಿ ಮಾಡಿದ ಸ್ಕ್ರೂಗೆಲ್ಲ ಹೆಂಡತಿಯ ಉಗುರುಬಣ್ಣ ಹಚ್ತಾನೆ. ಊರೆಲ್ಲ ನಗುತ್ತೆ.”

“ನಗೋರು ನಗಲಿ. ಬಣ್ಣದ ಮೇಲೆ ಒಂದು ಗೀರಿಲ್ಲ. ಕ್ಲಿಪ್ಪು ಕಚ್ಚಿದ್ರೆ ಗೀರು ಬೀಳದೇ ಇರುತ್ತಾ? ಇಲ್ಲಿ ಯಾರೂ ತಂತಿ ಹಾಕಿಲ್ಲ.”

ಮಾರ್ಕಿಯಾನನಿಗೆ ಕಿವಿ ಬಿಸಿಯಾಯಿತು. ಓಸ್ತಾಪನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಆದರೂ ಸೋಲೊಪ್ಪಿಕೊಳ್ಳುವ ಜಾಯಮಾನವೇ ಅವನದು?

“ಹಾಗಾದ್ರೆ ಆ ಪೆನ್ನರನೇ! ಕದದ ಸ್ಪ್ರಿಂಗು ಸರಿ ಮಾಡಿಲ್ಲ. ಕದ ಮುಚ್ಚಿಲ್ಲ.”

ಸೋಲ್ವೇಗ್ ಒಳಗೆ ಬಗ್ಗಿ, ಕಿಂಡಿಯ ಪಟ್ಟಿಗಳನ್ನು ಕೈಯಿಂದ ತೆರೆದು ಬಿಟ್ಟಳು. ಫಟ್! ಕದ ಬಿಗಿಯಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದು ಬಿಟ್ಟಳು. ಮತ್ತೆ ಫಟ್!

“ಸ್ಪ್ರಿಂಗು ಹುಲಿ ಹಾಗಿದೆ. ಕಾವಲು ಸ್ವಿಚ್ಚೂ ಸರಿ, ಕದವೂ ಸರಿ. ಭವನ ಖಾಲಿ ಇರೋ ರಾತ್ರಿ ಕಾಯಿಲ್ಲಿಗೆ ಎಷ್ಟು ನೀರು ಬಿಡ್ತೀರಿ?”

“ಸಣ್ಣಗೆ,” ಎಂದ ಓಸ್ತಾಪ್, ಮೊದಲ ಸಲ ಬಾಯಿಬಿಟ್ಟು. “ಕದ ಮುಚ್ಚಿರುತ್ತಲ್ಲ, ಸಣ್ಣ ಧಾರೆ ಸಾಕು ಅಂತ ಪೆನ್ನರ್ ಹೇಳಿದ್ದ.”

“ಸರಿಯೇ. ಕದ ಮುಚ್ಚಿದ್ರೆ ಸಾಕು. ಆದರೆ ಆ ರಾತ್ರಿ ಕದ ಮುಚ್ಚಿರಲಿಲ್ಲ. ಉತ್ತರದ ಗಾಳಿ ನೇರ ಕಾಯಿಲ್ಲಿನ ಮೇಲೆ ಬಡಿದಿದೆ.” ಅವಳು ಒಂದು ಪಟ್ಟಿಯ ಅಂಚಿನ ರಬ್ಬರನ್ನು ಬೆರಳಿಂದ ಸವರಿದಳು. ಅಲ್ಲಿ ದುಂಡಗೆ ಒಂದು ತಗ್ಗು. ತಗ್ಗಿನಲ್ಲಿ ಬೆಳ್ಳಗೆ ಪುಡಿ. “ಇದೇನು?”

“ಹಿಮ.”

“ಬೆರಳಿಗೆ ಅಂಟ್ತಿದೆ. ಕರಗ್ತಾ ಇಲ್ಲ.”

“ಗೋಡೆಯ ಸುಣ್ಣ ಇರಬೇಕು ಬಿಡಿ.”

“ಇರಬಹುದು,” ಎಂದಳು ಸೋಲ್ವೇಗ್. “ಈಗ ಕಾಫಿ ಕೊಡಿಸಿ.”

* * *

ಅಡುಗೆಮನೆ ಬೆಚ್ಚಗಿತ್ತು. ಅಲ್ಲಿ ಗೋಡೆಗೆ ಬೇರೆಯೇ ಹೀಟರು. ಪರಾಸ್ಕಜ್ಜಿ ಒಬ್ಬಳೇ ಒಲೆಯ ಮುಂದಿದ್ದಳು. ಮಗನನ್ನು ಕಂಡು ಸೆರಗಂಚಿನಂತೆ ಏಪ್ರನ್ನಿನ ಅಂಚು ಹಿಡಿದು ಕೈ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು.

“ಕೂತ್ಕೊಳಮ್ಮ. ಚಳೀಲಿ ಬಂದಿದ್ದೀಯ. ಕಡುಬು ಹಾಕ್ತೀನಿ,” ಎಂದಳು ಸೋಲ್ವೇಗ್ ಕಡೆ ತಿರುಗಿ.

ಬೆಂದ ಕಡುಬಿನ ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ, ಪಕ್ಕದಲ್ಲಿ ಹುಳಿಕೆನೆ. ಸೋಲ್ವೇಗ್ ನೆಗಡಿ ಮರೆತು ತಿಂದಳು.

“ಅಬ್ಬಾ! ಇವತ್ತು ಮಾಡಿದ್ದಾ ಅಜ್ಜಿ?”

“ಬುಧವಾರ ಮಾಡಿ ಹೆಪ್ಪುಗಟ್ಟಿಸಿಟ್ಟಿದ್ದು.”

“ಎಷ್ಟು ಬೇಕಾದ್ರೂ ಹೆಪ್ಪುಗಟ್ಟಿಸಬಹುದು,” ಎಂದು ಮಾರ್ಕಿಯಾನ್ ಗೋಡೆಯ ಪಕ್ಕದ ದೊಡ್ಡ ಫ್ರೀಜರ್ ಕಡೆ ಕೈ ಬೀಸಿದ. ಮಾತು ತನಗೆ ಬೇಕಾದ ದಾರಿಗೆ ಬಂದದ್ದು ಅವನಿಗೆ ನೆಮ್ಮದಿಯಾಗಿತ್ತು. ಅವನ ಅಂಗಡಿಯೇ ಹಳೆಯ ಯಂತ್ರಗಳದ್ದು. “ನಮ್ಮ ಅಂಗಡಿಯಿಂದಲೇ ಕೊಟ್ಟಿದ್ದು. ಡಿಸೆಂಬರಲ್ಲಿ ವೇದಿಕೆ ಮೇಲೆ ನಿಂತು ಅರ್ಪಿಸಿದೆ. ಹೆಸರು ಓದಿ.”

ಮುಚ್ಚಳದ ಮೇಲೆ ಹಿತ್ತಾಳೆಯ ಫಲಕ: ಡೂಬಿಕ್ ಕುಟುಂಬದ ಕೊಡುಗೆ. ಅದರ ಮೇಲೆ ಕಸೂತಿ ಬಟ್ಟೆ, ಒಂದು ಹೂಕುಂಡ, ನೀರು ತುಂಬಿದ ಒಂದು ಗಾಜಿನ ಲೋಟ.

“ಸದ್ದು ಮಾತ್ರ ಸ್ವಲ್ಪ ಜೋರು,” ಎಂದು ನಕ್ಕ ಮಾರ್ಕಿಯಾನ್. “ಟ್ರ್ಯಾಕ್ಟರ್ ಹಾಗೆ ಗುಡುಗುತ್ತೆ. ಇದು ಬಂದ ವಾರವೇ, ಅಡುಗೆಮನೇಲಿ ಕೂಗಾಡಿಯೇ ಮಾತಾಡಬೇಕು ಅಂತ ಹೆಂಗಸರು ಬೈದ್ರು. ಆದರೆ ಸಾಯೋ ಮಾಲಲ್ಲ.”

ಪರಾಸ್ಕಜ್ಜಿ ಬೆನ್ನು ತಿರುಗಿಸಿ ಕೆಟಲ್ ಕೆಳಗಿಟ್ಟಳು. ಸೋಲ್ವೇಗ್ ಚಮಚದಿಂದ ತಟ್ಟೆ ಕೆರೆದಳು. ಕೆರೆದ ಸದ್ದು ಕೋಣೆಯ ತುಂಬ ಕೇಳಿಸಿತು.

ಒಂದು ಕಡುಬನ್ನು ಅರ್ಧ ಕಚ್ಚಿ ಅವಳು ನಿಲ್ಲಿಸಿದಳು. ಹಲ್ಲಿನ ಸಂದಿಯಿಂದ ಏನೋ ಎಳೆದು ತೆಗೆದಳು. ಬೂದುಬಣ್ಣದ ಒಂದು ನಾರು.

“ಅಯ್ಯೋ, ಕೂದಲೇ?” ಪರಾಸ್ಕಜ್ಜಿ ಗಾಬರಿಯಾದಳು. “ನಾವು ತಲೆಗೆ ಬಟ್ಟೆ ಕಟ್ಟದೆ ಹಿಟ್ಟು ಮುಟ್ಟಲ್ಲಮ್ಮ!”

“ಕೂದಲಲ್ಲ ಅಜ್ಜಿ. ಚಿಂತೆ ಬಿಡಿ.” ನಾರನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡು ಬಾಗಿಲ ಕಡೆ ಕೂಗಿದಳು: “ಓಸ್ತಾಪ್, ಒಳಗೆ ಬನ್ನಿ. ಒಂದು ಮಾತು.”

ಓಸ್ತಾಪ್ ಟೋಪಿ ಕೈಯಲ್ಲಿ ಹಿಡಿದು ಹೊಸಿಲ ಬಳಿ ನಿಂತ.

“ಕಾವಲು ಗುಂಡಿ ಆಗಾಗ ಎಗರ್ತಿತ್ತು ಅಂದ್ರಂತೆ. ಯಾವಾಗ?”

“ಕೆಲವು ದಿನ ಬೆಳಗ್ಗೆ ಬಂದು ನೋಡಿದ್ರೆ ಎಗರಿರ್ತಿತ್ತು. ಒತ್ತಿದ್ರೆ ಸರಿಯಾಗ್ತಿತ್ತು.”

“ತುಂಬಾ ಚಳಿ ಇದ್ದ ದಿನವೇ?”

“ಅದೇ ವಿಚಿತ್ರ. ತುಂಬಾ ಚಳಿ ಇದ್ದಾಗ ಎಷ್ಟೋ ಸಲ ಏನೂ ಆಗಲಿಲ್ಲ. ಸುಮಾರು ಚಳೀಲಿ ಎಗರಿದೆ. ಅಧ್ಯಕ್ಷರಿಗೂ ಹೇಳಿದೆ.”

“ಅವರೇನಂದ್ರು?”

ಓಸ್ತಾಪ್ ಅಧ್ಯಕ್ಷನ ಕಡೆ ನೋಡಿದ. ಮಾರ್ಕಿಯಾನನಿಗೆ ತಾನು ಅಂದದ್ದು ಚೆನ್ನಾಗಿ ನೆನಪಿತ್ತು. “ಕಲ್ಲಂಗಡಿ, ಪ್ರತಿ ಸಲ ಗುಂಡಿ ಎಗರಿತು ಅಂತ ನನ್ನ ತಲೆ ತಿನ್ನಬೇಡ.” ಆಗ ಅಂಗಡಿಯಲ್ಲಿ ಕೂತಿದ್ದ ನಾಲ್ಕೈದು ಗೆಳೆಯರೂ ನಕ್ಕಿದ್ದರು.

“ಆ ಬೆಳಗುಗಳಲ್ಲಿ ಬೇರೆ ಏನಾದ್ರೂ ವಿಶೇಷ ಇತ್ತಾ? ಯೋಚ್ನೆ ಮಾಡಿ. ಏನಾದ್ರೂ ಸರಿ.”

ಓಸ್ತಾಪ್ ಟೋಪಿಯನ್ನು ತಿರುಗಿಸುತ್ತ ನಿಂತ. ಆಮೇಲೆ ಅವನ ಹುಬ್ಬು ಮೇಲೇರಿತು.

“ಈರುಳ್ಳಿ.”

“ಏನು?”

“ಬಾಗಿಲು ತೆಗೆದ ಕೂಡಲೇ ಹುರಿದ ಈರುಳ್ಳಿ ವಾಸನೆ. ಲಿಲ್ಯಾಗೂ ಹೇಳಿದ್ದೆ. ವಾಸನೆ ಬಂದ್ರೆ ಮೆಟ್ಟಿಲು ಹತ್ತೋ ಮೊದಲೇ ನಂಗೆ ಗೊತ್ತಾಗ್ತಿತ್ತು, ಇವತ್ತು ಗುಂಡಿ ಎಗರಿದೆ ಅಂತ. ಯಾಕೆ ಅಂತ ಮಾತ್ರ...”

ಒಲೆಯ ಬಳಿ ಏನೋ ಠಣ್ಣೆಂದು ಬಿತ್ತು. ಪರಾಸ್ಕಜ್ಜಿಯ ಕೈಯಿಂದ ಸೌಟು ಜಾರಿತ್ತು.

“ಅಮ್ಮ, ಕೂತ್ಕೊಳೇ, ಸುಸ್ತಾಗಿದ್ದೀಯ,” ಎಂದ ಮಾರ್ಕಿಯಾನ್. “ಈರುಳ್ಳಿಗೂ ಯಂತ್ರಕ್ಕೂ ಏನ್ರೀ ಸಂಬಂಧ? ತಮಾಷೆ ಮಾಡ್ತಿದ್ದೀರಾ?”

“ಅಧ್ಯಕ್ಷರೇ,” ಸೋಲ್ವೇಗ್ ಮೆಲ್ಲಗೆ ಕೇಳಿದಳು, “ನಾನೀಗ ಮಾತಾಡಿದ್ದು ನಿಮಗೆ ಕೇಳಿಸಿತಾ?”

“ಕೇಳಿಸದೇ ಏನು?”

“ಇಷ್ಟು ಮೆಲ್ಲಗೆ ಮಾತಾಡಿದ್ರೂ?”

ಮಾರ್ಕಿಯಾನ್ ಬಾಯಿ ತೆರೆದ. ಹಾಗೇ ಫ್ರೀಜರ್ ಕಡೆ ತಿರುಗಿದ. ಫ್ರೀಜರಿನ ಮೇಲಿನ ಲೋಟದ ನೀರು ಒಂಚೂರೂ ಅಲುಗುತ್ತಿರಲಿಲ್ಲ.

ಸೋಲ್ವೇಗ್ ಎದ್ದು ಹೋಗಿ ಲೋಟ, ಹೂಕುಂಡ, ಬಟ್ಟೆ ಒಂದೊಂದಾಗಿ ತೆಗೆದಿಟ್ಟಳು. ಹಿತ್ತಾಳೆಯ ಫಲಕದ ಮೇಲೆ ಕೈಯಿಟ್ಟು ಮುಚ್ಚಳ ಎತ್ತಿದಳು. ಒಳಗೆ ಮಂಜಿಲ್ಲ, ಚಳಿಯಿಲ್ಲ. ಮಡಿಸಿಟ್ಟ ಮೇಜುಬಟ್ಟೆಗಳು. ಅವುಗಳ ಮೇಲೆ ಒಂದು ಲಟ್ಟಣಿಗೆ.

“ಇಂಥ ಚಳಿಗಾಲದಲ್ಲಿ ಫ್ರೀಜರ್ ಸತ್ತಿದೆಯಾ ಅಂತ ಮುಟ್ಟಿ ನೋಡೋರು ಯಾರು?” ಎಂದಳು.

* * *

ಆಮೇಲೆ ಅವಳು ಹೇಳಿದ್ದು ದೊಡ್ಡ ಕಥೆಯೇನಲ್ಲ.

“ಕಡುಬು ಒಂದಕ್ಕೊಂದು ಅಂಟದ ಹಾಗೆ ತಟ್ಟೆ ಮೇಲೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಬೇಕು. ಆಮೇಲೆ ಚೀಲಕ್ಕೆ. ಫ್ರೀಜರ್ ಸತ್ತ ಮೇಲೆ ತಟ್ಟೆಗಳು ಎಲ್ಲಿಗೆ ಹೋದ್ವು? ಗಾಳಿಯಂತ್ರದ ಕಿಂಡಿಕೋಣೆಗೆ. ಕಿಂಡಿ ಮುಚ್ಚಿದ್ರೆ ಅಲ್ಲಿ ಚಳಿ ಸಾಲದು. ಅದಕ್ಕೆ ಪಟ್ಟಿಗಳ ಮಧ್ಯೆ ಈ ಲಟ್ಟಣಿಗೆ ಸಿಕ್ಕಿಸಿಟ್ರು. ರಬ್ಬರಿನ ಮೇಲಿನ ದುಂಡನೆ ತಗ್ಗು ಇದರದ್ದು. ಬೆಳ್ಳನೆ ಪುಡಿ ಸುಣ್ಣವಲ್ಲ, ಹಿಮವಲ್ಲ. ಕಡುಬಿನ ಹಿಟ್ಟು. ನನ್ನ ಹಲ್ಲಿಗೆ ಸಿಕ್ಕ ನಾರು ಆ ದೂಳು ಸೋಸೋ ಜಾಲರೀದು. ಅದು ಅಡುಗೆಮನೆಗೆ ತಾನಾಗಿ ನಡೆದು ಬರಲ್ಲ.”

“ಆದರೆ ಕಾವಲು ಸ್ವಿಚ್ಚು ಇತ್ತಲ್ಲ!” ಎಂದ ಮಾರ್ಕಿಯಾನ್.

“ಇತ್ತು. ತನ್ನ ಕೆಲಸ ಮಾಡ್ತು. ಚಳಿ ಬಂತು, ಗುಂಡಿ ಎಗರಿಸ್ತು, ಕದ ಮುಚ್ಚು ಅಂತ ಹೇಳ್ತು. ಲಟ್ಟಣಿಗೆ ಬಿಡಬೇಕಲ್ಲ? ಡಿಸೆಂಬರಿನಿಂದ ಕಡುಬು ಮಾಡಿದ ಪ್ರತಿ ರಾತ್ರಿ ಇದೇ ನಡೆದಿದೆ. ಆ ರಾತ್ರಿಗಳಲ್ಲಿ ಗಾಳಿ ಇರಲಿಲ್ಲ, ಸಣ್ಣ ಧಾರೆ ಹೇಗೋ ತಡ್ಕೊಂಡಿತು. ಬೆಳಗ್ಗೆ ಯಾರೂ ಬರೋ ಮೊದಲೇ ತಟ್ಟೆ ತೆಗೆದು, ಲಟ್ಟಣಿಗೆ ತೆಗೆದು ಹೋಗ್ತಿದ್ರು. ಕದ ಮುಚ್ಕೊಳ್ತಿತ್ತು. ಉಳೀತಿದ್ದುದು ಎರಡೇ. ಎಗರಿದ ಗುಂಡಿ ಮತ್ತು ಈರುಳ್ಳಿ ವಾಸನೆ. ಎರಡನ್ನೂ ಈ ಮನುಷ್ಯ ಗಮನಿಸಿದ್ದ. ಕೇಳಿಸ್ಕೊಳ್ಳೋರು ಇರಲಿಲ್ಲ, ಅಷ್ಟೇ. ಬುಧವಾರ ಉತ್ತರದ ಗಾಳಿ ಎದ್ದಿತು, ಕಾಯಿಲ್ ಸೀಳಿತು.” ಅವಳು ತಿರುಗಿದಳು. “ಅಲ್ವಾ, ಪರಾಸ್ಕಜ್ಜಿ?”

ಮುದುಕಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ತಲೆ ಎತ್ತಲಿಲ್ಲ.

“ಹೌದಮ್ಮ. ನಾನೇ. ಬೇರೆ ಯಾರಿಗೂ ಗೊತ್ತಿಲ್ಲ. ಫ್ರೀಜರಿಗೆ ಹಾಕ್ತೀನಿ ಅಂತ ಎಲ್ಲರನ್ನೂ ಮನೆಗೆ ಕಳಿಸ್ತಿದ್ದೆ. ಹೆಪ್ಪುಗಟ್ಟಿದ ಚೀಲಗಳನ್ನ ನಮ್ಮನೆ ಪುಟ್ಟ ಫ್ರಿಜ್ಜಲ್ಲಿ ಇಡ್ತಿದ್ದೆ, ತಟ್ಟೆಗಳು ಅದರಲ್ಲಿ ಹಿಡಿಯಲ್ಲ. ನಮ್ಮಮ್ಮ ಉತ್ತರದ ಕೋಣೆ ಕಿಟಕಿ ತೆಗೆದಿಟ್ಟು ಹೆಪ್ಪುಗಟ್ಟಿಸ್ತಿದ್ದಳು. ಕಿಟಕಿ ತೆಗೆದ್ರೆ ಯಂತ್ರ ಸಾಯುತ್ತೆ ಅಂತ ನಂಗೇನು ಗೊತ್ತು?”

“ಹೊರಗಿಡಬಹುದಿತ್ತಲ್ಲ?” ಎಂದಳು ಸೋಲ್ವೇಗ್.

“ಹೊರಗಿಟ್ರೆ ಊರೆಲ್ಲ ಕಾಣುತ್ತೆ. ಫ್ರೀಜರ್ ಇದ್ದೂ ಹೊರಗ್ಯಾಕೆ ಅಂತ ಕೇಳ್ತಾರೆ.”

“ಫ್ರೀಜರ್ ಕೆಟ್ಟಿದೆ ಅಂತ ಒಂದು ಮಾತು ನಂಗೆ ಹೇಳೋಕೆ ಏನಾಗಿತ್ತಮ್ಮ?” ಮಾರ್ಕಿಯಾನ್ ಹೆಚ್ಚುಕಡಿಮೆ ಕಿರುಚಿದ. “ಇನ್ನೊಂದು ತಂದು ಹಾಕ್ತಿರಲಿಲ್ವಾ?”

ಪರಾಸ್ಕಜ್ಜಿ ಈಗ ತಲೆ ಎತ್ತಿದಳು.

“ಹೇಗೋ ಹೇಳ್ಲಿ? ನೀನು ವೇದಿಕೆ ಹತ್ತಿ ಭಾಷಣ ಮಾಡಿದೆ. ಪಾದ್ರಿಗಳ ಕೈಲಿ ಪವಿತ್ರ ನೀರು ಹಾಕಿಸಿದೆ. ಹಿತ್ತಾಳೆ ಹೊಡೆದು ಹೆಸರು ಬರೆಸಿದೆ. ಒಂದು ವಾರಕ್ಕೆ ಸತ್ತುಹೋಯ್ತು ಕಣೋ ನಿನ್ನ ಯಂತ್ರ! ಡೂಬಿಕ್ ಕೊಳೆತ ಮಾಲು ಚರ್ಚಿಗೆ ದಾಟಿಸಿದ ಅಂತ ಆಡ್ಕೊಂಡು ನಗಲ್ವಾ? ನಿನ್ನ ಮುಖ ಉಳೀಲಿ ಅಂತ ಮುಚ್ಚಿಟ್ಟೆ.” ಅವಳು ಓಸ್ತಾಪನ ಕಡೆ ಕೈ ತೋರಿದಳು. “ಗುರುವಾರ ನೀನು ಇವನನ್ನ ಬೈತಿದ್ದಾಗ ನಂಗೆ ಗೊತ್ತಾಯ್ತು. ಅರ್ಧಕ್ಕರ್ಧ ಗೊತ್ತಾಯ್ತು. ಬಾಯಿ ಬರಲಿಲ್ಲ. ಎರಡು ದಿನದಿಂದ ಅನ್ನ ಇಳೀತಿಲ್ಲ ನಂಗೆ.”

ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು ಮಾರ್ಕಿಯಾನನಿಗೆ. ಫಲಕದ ಮೇಲಿನ ತನ್ನ ಮನೆತನದ ಹೆಸರು ಪಳಪಳನೆ ಹೊಳೆಯುತ್ತಿತ್ತು. ಅಮ್ಮ ಅದನ್ನು ದಿನಾ ಉಜ್ಜುತ್ತಿದ್ದಳೆಂದು ಕಾಣುತ್ತದೆ.

ಓಸ್ತಾಪ್ ಒಂದೇ ಮಾತು ಆಡಿದ.

“ಹಾಗಾದ್ರೆ ಗುಂಡಿ ಸುಮ್‌ಸುಮ್ನೆ ಎಗರ್ತಿರಲಿಲ್ಲ,” ಎಂದು ತನಗೆ ತಾನೇ ಹೇಳಿಕೊಂಡಂತೆ ಅಂದು, ಟೋಪಿ ಹಾಕಿಕೊಂಡು ಹೊರಟುಹೋದ.

ಅವನು ಹೋದಮೇಲೆ ಮಾರ್ಕಿಯಾನ್ ಸೋಲ್ವೇಗ್ ಪಕ್ಕ ಬಂದು ದನಿ ತಗ್ಗಿಸಿದ. ಹೌದು, ಆಗಲೂ ಅವನಿಗೆ ಆ ಬುದ್ಧಿಯೇ ಬಂತು!

“ಯಂತ್ರದ ತೊಂದರೆ ಅಂತ ಬರೆದುಬಿಡಿ. ಅಮ್ಮನ ಹೆಸರು ಬೇಡ. ಓಸ್ತಾಪನಿಗೆ ಇರು ಅಂತ ನಾನೇ ಹೇಳ್ತೀನಿ. ಸದ್ದಿಲ್ಲದೆ ಮುಗಿಸೋಣ.”

ಸೋಲ್ವೇಗ್ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ವಿಮೆಯವರಿಗೆ ಅಜ್ಜಿ ಹೆಸರು ಬೇಕಿಲ್ಲ. ಲಟ್ಟಣಿಗೆ ಅಂತ ಬರೆದ್ರೆ ಸಾಕು. ಆದರೆ ಬೈಯೋವಾಗ ಊರಿನೆದುರು ಬೈದ್ರಂತೆ. ಸದ್ದಿಲ್ಲದೆ ಮುಗಿಸೋದು ಈಗ ನೆನಪಾಯ್ತಾ?” ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. “ಯಾರ ತಪ್ಪು ಅಂತ ಹುಡುಕ್ತಿದ್ರಲ್ಲ? ಲಟ್ಟಣಿಗೆ ಸಿಕ್ಕಿಸಿದ್ದು ಅಜ್ಜಿ. ಅಜ್ಜಿ ಹೇಳದ ಹಾಗೆ ಮಾಡಿದ್ದು ನೀವು. ಓಸ್ತಾಪ್ ಹೇಳಿದ್ದನ್ನ ಕೇಳದೇ ಹೋದದ್ದೂ ನೀವೇ. ಕಡುಬು ಚೆನ್ನಾಗಿತ್ತು ಅಜ್ಜಿ.”

* * *

ಭಾನುವಾರ ಸಂಜೆ ಕ್ಷಮೆಯ ಪೂಜೆ. ಉಪವಾಸಕ್ಕೆ ಮುಂಚೆ ಊರವರೆಲ್ಲ ಚರ್ಚಿನಲ್ಲಿ ಸಾಲಾಗಿ ನಿಂತು ಒಬ್ಬರಿಗೊಬ್ಬರು ಬಗ್ಗಿ ಕ್ಷಮೆ ಕೇಳುವ ಪದ್ಧತಿ. ಒಬ್ಬರು “ನನ್ನ ಕ್ಷಮಿಸಿ” ಅನ್ನಬೇಕು. ಇನ್ನೊಬ್ಬರು “ದೇವರು ಕ್ಷಮಿಸ್ತಾನೆ, ನಾನೂ ಕ್ಷಮಿಸ್ತೀನಿ” ಅನ್ನಬೇಕು. ಮಾರ್ಕಿಯಾನ್ ಮಗುವಾಗಿದ್ದಾಗಿನಿಂದ ಇದನ್ನು ಗಿಳಿಪಾಠದಂತೆ ಒಪ್ಪಿಸುತ್ತ ಬಂದವನು. ಸಾಲು ಬೇಗ ಮುಗಿದರೆ ಸಾಕು, ಮನೆಗೆ ಹೋಗಿ ಊಟ ಮಾಡೋಣ ಅನ್ನುವುದೇ ಪ್ರತಿ ವರ್ಷದ ಧ್ಯಾನ.

ಈ ಸಲ ಸಾಲು ಶುರುವಾಗುವ ಮೊದಲು ಫಾದರ್ ರೋಮನ್ ಅವನನ್ನು ಮುಂದೆ ಕರೆದರು. ಅವನು ಎದ್ದ. ಶುಕ್ರವಾರದಿಂದ ಕೂತಲ್ಲಿ ನಿಂತಲ್ಲಿ ಜೋಡಿಸಿಕೊಂಡ ಮಾತು ಬಾಯಲ್ಲಿತ್ತು.

“ಭವನದ ವಿಷಯ... ತನಿಖೆ ಆಯ್ತು. ಓಸ್ತಾಪನ ತಪ್ಪಿಲ್ಲ ಅಂತ ಗೊತ್ತಾಗಿದೆ. ಒಂದು... ತಾಂತ್ರಿಕ ಕಾರಣ. ಅವನು ಮುಂದುವರೀಬಹುದು.”

ಅಷ್ಟೇ. ಎರಡು ದಿನ ಜೋಡಿಸಿದ ಮಾತಿನಲ್ಲಿ ಬಾಯಿಗೆ ಬಂದದ್ದು ಅಷ್ಟೇ. ಅವನು ಕೂರಲು ತಿರುಗಿದ.

“ತಾಂತ್ರಿಕ ಅಲ್ಲ,” ಎಂದಿತು ಹೆಂಗಸರ ಕಡೆಯಿಂದ ಒಂದು ದನಿ.

ಪರಾಸ್ಕಜ್ಜಿ ಎದ್ದು ನಿಂತಿದ್ದಳು. ಮುಂದಿನ ಬೆಂಚು ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಸತ್ತ ಫ್ರೀಜರ್, ಕಿಂಡಿಗೆ ಸಿಕ್ಕಿಸಿದ ಲಟ್ಟಣಿಗೆ, ಎರಡು ದಿನ ಮುಚ್ಚಿದ ಬಾಯಿ, ಒಂದನ್ನೂ ಬಿಡಲಿಲ್ಲ. ಮಗನ ಹೆಸರಿನ ಫಲಕದ ಮಾತು ಬಂದಾಗ ಯಾರೋ ಹಿಂದೆ ಕೆಮ್ಮಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಮಾರ್ಕಿಯಾನನಿಗೆ ಎಷ್ಟೋ ಹಗುರವಾಗುತ್ತಿತ್ತು. ಎಪ್ಪತ್ತು ದಾಟಿದ ತಾಯಿ ಊರಿನೆದುರು ನಿಂತು ಮಾನ ಕಳೆದುಕೊಳ್ಳುತ್ತಿದ್ದಾಳೆ, ಐವತ್ತರ ಮಗ ಗೋಡೆ ನೋಡುತ್ತ ನಿಂತಿದ್ದಾನೆ.

ಸಾಲು ಶುರುವಾಯಿತು. ಪರಾಸ್ಕಜ್ಜಿ ಮುಂದೆ, ಮಾರ್ಕಿಯಾನ್ ಅವಳ ಹಿಂದೆ. ಒಬ್ಬೊಬ್ಬರಿಗೂ ಬಗ್ಗುತ್ತ, ಕೇಳುತ್ತ, ಹೇಳುತ್ತ ಮುಂದೆ ಸರಿದು ಸರಿದು ಓಸ್ತಾಪನೆದುರು ಬಂದರು. ಅವನ ಪಕ್ಕದಲ್ಲಿ ಲಿಲ್ಯಾ. ಅವರ ಕೋಣೆಯಲ್ಲಿ ಕಟ್ಟಿದ ಪೆಟ್ಟಿಗೆಗಳು ಇನ್ನೂ ಬಿಚ್ಚಿಲ್ಲವೆಂದು ಬೆಳಗ್ಗೆ ಯಾರೋ ಅಂದಿದ್ದರು.

ಮುದುಕಿ ಬಗ್ಗಲು ಹೋದಳು. ಓಸ್ತಾಪ್ ಬಿಡಲಿಲ್ಲ, ಎರಡೂ ತೋಳು ಹಿಡಿದುಕೊಂಡ.

“ಕ್ಷಮಿಸಪ್ಪ, ಮಗಾ.”

“ದೇವರು ಕ್ಷಮಿಸ್ತಾನೆ ಅಜ್ಜಿ. ನಾನೂ ಕ್ಷಮಿಸ್ತೀನಿ.” ಅವಳ ಕೈಗೆ ಮುತ್ತಿಟ್ಟ. “ನೀವೂ ನನ್ನ ಕ್ಷಮಿಸಿ.”

ಈಗ ಮಾರ್ಕಿಯಾನನ ಸರದಿ. ಅವನು ಬಗ್ಗಿದ. ಈ ಸಲ ನಿಜಕ್ಕೂ ಬಗ್ಗಿದ, ಕೈಬೆರಳು ನೆಲ ಮುಟ್ಟುವಷ್ಟು. ಎಂದೂ ಬಹುವಚನ ಹಚ್ಚದ ನಾಲಿಗೆ ಇವತ್ತು ತಾನಾಗಿ ಹೊರಳಿತು.

“ಓಸ್ತಾಪ್, ನನ್ನ ಕ್ಷಮಿಸಿ. ನೀವು ಹೇಳಿದ್ದನ್ನ ನಾನು ಕೇಳಲಿಲ್ಲ. ಊರಿನೆದುರು ಅವಮಾನ ಮಾಡಿದೆ.”

ಓಸ್ತಾಪ್ ಅವನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಅದನ್ನೂ ತಡೆದುಕೊಳ್ಳಬಹುದಿತ್ತು.

“ದೇವರು ಕ್ಷಮಿಸ್ತಾನೆ,” ಎಂದ.

ಮಾರ್ಕಿಯಾನ್ ಬಗ್ಗಿದ ತಲೆ ಎತ್ತದೆ ಉಳಿದ ಮಾತಿಗಾಗಿ ಕಾದ. ಹಿಂದಿನವರು ಮೆಲ್ಲಗೆ ಒತ್ತಿದರು. ಅವನು ತಲೆ ಎತ್ತಿದಾಗ ಓಸ್ತಾಪ್ ಆಗಲೇ ಸಾಲಿನ ಮುಂದಿನವನ ಕಡೆ ತಿರುಗಿ ಬಗ್ಗುತ್ತಿದ್ದ.